ಚೂರ್ಣ ಬೇಡ, ಚಿಲಕ ಕೊಡಿ

ಕಳೆದ ಶ್ರಾವಣದಲ್ಲಿ, ವರಮಹಾಲಕ್ಷ್ಮಿ ಹಬ್ಬದ ಸಂಜೆ, ಬನಶಂಕರಿ ಎರಡನೇ ಹಂತದಲ್ಲಿರುವ ಗೆಳತಿಯ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆ. ಹನ್ನೊಂದು ಮಂದಿ ಹೆಂಗಸರು ಸೇರಿದ್ದೆವು. ಸೀರೆಯ ಮಾತು, ಚಿನ್ನದ ಬೆಲೆಯ ಮಾತು, ಮಕ್ಕಳ ಕೆಲಸದ ಮಾತು ಎಲ್ಲ ಮುಗಿದು ತಟ್ಟೆಗೆ ಒಬ್ಬಟ್ಟು ಬಂದಾಗ ನನ್ನ ಪಕ್ಕದವರು ಕೈ ಅಡ್ಡ ಹಿಡಿದರು. "ಶುಗರ್ರಾ?" ಎಂದೆ. "ಅಲ್ಲ ಕಣ್ರೀ, ನಾಲ್ಕು ದಿನದಿಂದ ಹೊಟ್ಟೆ ಕಟ್ಟಿದೆ" ಎಂದು ಕಿವಿಯ ಹತ್ತಿರ ಬಂದು ಹೇಳಿದರು. ಹೇಳಿದ್ದು ಪಿಸುಮಾತಿನಲ್ಲೇ. ಆದರೂ ಹಾಲ್‌ನಲ್ಲಿದ್ದ ಎಲ್ಲರಿಗೂ ಕೇಳಿಸಿತು. ಮರುಕ್ಷಣವೇ ಔಷಧಿಗಳ ಸುರಿಮಳೆ. ಒಬ್ಬರದು ತ್ರಿಫಲಾ, ಒಬ್ಬರದು ಬಿಸಿನೀರಿಗೆ ತುಪ್ಪ, ಒಬ್ಬರದು ಇಸಬ್‌ಗೋಲ್, ಇನ್ನೊಬ್ಬರದು ಟೀವಿಯಲ್ಲಿ ಬರುವ ಚೂರ್ಣ. ಇಬ್ಬರ ವ್ಯಾನಿಟಿ ಬ್ಯಾಗಿನಿಂದ ಡಬ್ಬಿಯೇ ಹೊರಗೆ ಬಂತು. ಲೆಕ್ಕ ಹಾಕಿದೆ. ಹನ್ನೊಂದು ಜನರಲ್ಲಿ ಏಳು ಜನ ಇಂಥದ್ದೊಂದನ್ನು ದಿನವೂ ನುಂಗುವವರು!

ಅಲ್ಲಿ ಎಲ್ಲರ ಜೊತೆ ನಾನೂ ನಕ್ಕೆ. ಆಟೋದಲ್ಲಿ ಮನೆಗೆ ಬರುವಾಗ ಮಾತ್ರ ಸಿಟ್ಟು ಬಂತು. ಆ ಏಳು ಜನರ ಗಂಡಂದಿರು ಅದೇ ಮನೆಯ ಅನ್ನ, ಅದೇ ಮನೆಯ ಸಾರು ಉಂಡವರು. ಅವರ ಜೇಬಿನಲ್ಲಿ ಡಬ್ಬಿ ಇಲ್ಲವಲ್ಲ, ಯಾಕೆ?

ಈ ವಿಷಯವನ್ನು ಅಚ್ಚಿನಲ್ಲಿ ಬರೆಯಲು ನನಗೂ ಮುಜುಗರವೇ. ಆದರೆ ನಮ್ಮ ಮುಜುಗರದ ಮೇಲೇ ಇಷ್ಟು ದೊಡ್ಡ ವ್ಯಾಪಾರ ನಿಂತಿದೆ ಎಂದು ತಿಳಿದ ಮೇಲೆ ಸುಮ್ಮನಿರುವುದು ತಪ್ಪು. ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನರ ಮಲಬದ್ಧತೆಗೆ ಕಾರಣ ಕರುಳಿನಲ್ಲಿಲ್ಲ, ಮನೆಯ ದಿನಚರಿಯಲ್ಲಿದೆ. ಹೆಣ್ಣಿಗೆ ಬೆಳಿಗ್ಗೆ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಕೂರಲು ಬಿಡದ ಸಂಸಾರ, ಅವಳಿಗೆ ಚೂರ್ಣದ ಡಬ್ಬಿ ತಂದುಕೊಟ್ಟು ಕರ್ತವ್ಯ ಮುಗಿಯಿತು ಎಂದುಕೊಳ್ಳುತ್ತದೆ.

ನನ್ನ ಕತೆಯನ್ನೇ ಕೇಳಿ. 1988ರಲ್ಲಿ ಮದುವೆಯಾಗಿ ನಾನು ಬಂದದ್ದು ಜಯನಗರ ಒಂಬತ್ತನೇ ಬ್ಲಾಕಿನ ಬಾಡಿಗೆ ಮನೆಗೆ. ಮಾವನವರು, ಅತ್ತೆ, ಮಾವನವರ ತಾಯಿ, ಇಬ್ಬರು ಮೈದುನಂದಿರು, ಒಬ್ಬಳು ನಾದಿನಿ, ನಾವಿಬ್ಬರು. ಎಂಟು ಜನಕ್ಕೆ ಕಕ್ಕಸು ಒಂದೇ. ಬೆಳಿಗ್ಗೆ ಆರಕ್ಕೆ ಪೇಪರು ಹಿಡಿದು ಮಾವನವರು ಒಳಗೆ ಹೋದರೆ ಆರೂವರೆ. ಆಮೇಲೆ ಫ್ಯಾಕ್ಟರಿ ಬಸ್ಸು ಹಿಡಿಯುವ ಮೈದುನ, ಆಮೇಲೆ ಕಾಲೇಜಿನವನು, ಆಮೇಲೆ ನಮ್ಮ ಯಜಮಾನರು. ನಾನು ಏಳುತ್ತಿದ್ದದ್ದು ಐದಕ್ಕೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವ ಹೊತ್ತಿಗೆ ಸರಿಯಾಗಿ ಹೊಟ್ಟೆ ಕರೆಯುತ್ತಿತ್ತು. ಆದರೆ ಆಗ ಹಾಲು ಕಾಯಿಸಬೇಕು, ಡಿಕಾಕ್ಷನ್ ಇಳಿಸಬೇಕು, ಬಾಯ್ಲರಿಗೆ ಸೌದೆ ಹಾಕಬೇಕು. ಹೊಸ ಸೊಸೆ ಕೆಲಸ ಬಿಟ್ಟು ಅಲ್ಲಿ ಹೋಗಿ ಕೂತರೆ ಯಾರು ಏನೆಂದುಕೊಂಡಾರೋ ಎಂಬ ಸಂಕೋಚ ಬೇರೆ. ಒಂದೆರಡು ಸಲ ಹೋದಾಗ ಹೊರಗಿನಿಂದ ಬಾಗಿಲು ಬಡಿದು "ಯಾರು ಒಳಗೆ?" ಎಂದದ್ದೂ ಉಂಟು. ಅಂತೂ ನನ್ನ ಸರದಿ ಬರುವಾಗ ಎಂಟೂಕಾಲು. ಅಷ್ಟರಲ್ಲಿ ಕರೆದ ಹೊಟ್ಟೆ ಕರೆದೂ ಕರೆದೂ ಸುಮ್ಮನಾಗಿರುತ್ತಿತ್ತು. ಒಂಬತ್ತಕ್ಕೆ ನಾನು ಪಾಠ ಹೇಳುವ ಶಾಲೆಯಲ್ಲಿರಬೇಕು.

ಶಾಲೆಯಲ್ಲಾದರೂ? ಅಲ್ಲಿ ಹದಿನಾಲ್ಕು ಜನ ಮೇಷ್ಟರಮ್ಮಂದಿರಿಗೆ ಒಂದು ಟಾಯ್ಲೆಟ್ಟು. ಅದರ ಬೀಗದ ಕೈ ಆಫೀಸಿನ ಗುಮಾಸ್ತರ ಮೇಜಿನ ಡ್ರಾಯರಿನಲ್ಲಿ. ಕೇಳಿ ಪಡೆಯಬೇಕು, ತಂದು ಕೊಡಬೇಕು. ಅದರ ಬದಲು ನೀರೇ ಕುಡಿಯದಿರುವುದು ಸುಲಭ ಎಂದು ನಾವೆಲ್ಲ ಕಂಡುಕೊಂಡಿದ್ದೆವು. ಬೆಳಗಿನ ಕಾಫಿ ಬಿಟ್ಟರೆ ಸಂಜೆ ಮನೆಗೆ ಬರುವವರೆಗೆ ಒಂದು ಲೋಟ ನೀರು. ಇದನ್ನೊಂದು ಜಾಣತನ ಎಂದೇ ತಿಳಿದಿದ್ದೆವು.

1991ರಲ್ಲಿ ಮಗಳು ಹುಟ್ಟಿದಳು. ಬಸುರಿನಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಗೆ ಹೊಟ್ಟೆ ಇನ್ನಷ್ಟು ಗಟ್ಟಿಯಾಗಿತ್ತು. ಬಾಣಂತನ ಮುಗಿಸಿ ಬಂದ ಮೇಲೆ ಒಂದು ದಿನ ರಕ್ತ ಕಂಡಿತು. ಗುದದ್ವಾರದಲ್ಲಿ ಬಿರುಕು. ಗಾಜಿನ ಚೂರು ಎಳೆದಂಥ ನೋವು. ನೋವಿಗೆ ಹೆದರಿ ಹೋಗದಿರುವುದು, ಹೋಗದೆ ಇನ್ನೂ ಗಟ್ಟಿಯಾಗುವುದು, ಗಟ್ಟಿಯಾಗಿ ಬಿರುಕು ಮತ್ತೆ ಒಡೆಯುವುದು. ಕೂತರೆ ನೋವು, ಎದ್ದರೆ ನೋವು. ಮಗುವಿಗೆ ಹಾಲು ಕುಡಿಸಲು ಒಂದು ಮಗ್ಗುಲಿಗೆ ವಾಲಿಕೊಂಡು ಕೂರುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಕೊನೆಗೆ ತಡೆಯಲಾರದೆ ಲೇಡಿ ಡಾಕ್ಟರೊಬ್ಬರ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಪ್ರಶ್ನೆ: "ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗ್ತೀರಮ್ಮ?"

"ಖಾಲಿ ಇದ್ದಾಗ" ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಖಾಲಿ ಇದ್ದಾಗ ಅಲ್ಲಮ್ಮ, ಬಂದಾಗ ಹೋಗಬೇಕು."

ಮುವ್ವತ್ತು ವರ್ಷಕ್ಕೂ ಮಿಕ್ಕಿತು. ಹೊಟ್ಟೆಯ ಬಗ್ಗೆ ಇದಕ್ಕಿಂತ ದೊಡ್ಡ ಮಾತನ್ನು ನಾನು ಇನ್ನೂ ಕೇಳಿಲ್ಲ. ಅವರೇ ಬಿಡಿಸಿ ಹೇಳಿದರು. ರಾತ್ರಿಯೆಲ್ಲ ಸುಮ್ಮನಿರುವ ದೊಡ್ಡ ಕರುಳು ನಾವು ಎದ್ದ ಮೇಲೆ, ಹೊಟ್ಟೆಗೆ ಏನಾದರೂ ಬಿದ್ದ ಮೇಲೆ, ಬಲವಾಗಿ ಅಲುಗಾಡಿ ಮಲವನ್ನು ಮುಂದೆ ತಳ್ಳುತ್ತದೆ. ಕರೆ ಬರುವುದು ಆಗ. ತಡೆದರೆ ಕರೆ ನಿಲ್ಲುತ್ತದೆ, ಮಲ ಅಲ್ಲೇ ಉಳಿಯುತ್ತದೆ. ಕರುಳು ಅದರಲ್ಲಿದ್ದ ನೀರನ್ನು ಹೀರುತ್ತಲೇ ಇರುತ್ತದೆ. ದಿನವೂ ಹೀಗೆ ತಡೆದರೆ ಕಡೆಗೆ ಕರೆಯೇ ಮಂಕಾಗುತ್ತದೆ.

ಆ ರಾತ್ರಿ ನಾನು ಅಡುಗೆಮನೆಯಲ್ಲಿ ಅಳುತ್ತಿದ್ದದ್ದನ್ನು ಅತ್ತೆ ನೋಡಿದರು. ಕೇಳಿದರು, ಹೇಳಿದೆ. ಅವರು ಮಾತಾಡದೆ ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದು ಒಂದು ಸೀಸೆ ತೆಗೆದು ತೋರಿಸಿದರು. ಹರಳೆಣ್ಣೆ. "ನಂಗೂ ಮದುವೆಯಾದಾಗಿನಿಂದ ಇದೇ ಕಣೇ. ಯಾರ ಹತ್ರ ಹೇಳ್ಕೊಳ್ಳೋದು?" ಎಂದರು. ನಲವತ್ತು ವರ್ಷ ಒಬ್ಬ ಹೆಂಗಸು ಹದಿನೈದು ದಿನಕ್ಕೊಮ್ಮೆ ಕದ್ದು ಹರಳೆಣ್ಣೆ ಕುಡಿದು ಸಂಸಾರ ಮಾಡಿದ್ದರು. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಐದೂವರೆಗೆ ಅತ್ತೆ ನನ್ನ ಕೈಯಿಂದ ಹಾಲಿನ ಪಾತ್ರೆ ತೆಗೆದುಕೊಂಡು "ನೀನು ಹೋಗು, ಚಿಲಕ ಹಾಕ್ಕೋ" ಎಂದರು. ಆಮೇಲೆ ಬಚ್ಚಲ ಮುಂದೆ ಮಣೆ ಹಾಕಿಕೊಂಡು ಕೂತರು. ಅಂದೇ ಮಾವನವರು ಬೇಗ ಎದ್ದು ಬರಬೇಕೆ! ಒಳಗಿದ್ದ ನನಗೆ ಕೇಳಿಸಿತು: "ಸೊಸೆ ಒಳಗಿದಾಳೆ. ಆಮೇಲೆ ಬನ್ನಿ." ಅವರ ದಾಂಪತ್ಯದಲ್ಲಿ ಮಾವನವರಿಗೆ "ಆಮೇಲೆ ಬನ್ನಿ" ಎಂದದ್ದು ಅದೇ ಮೊದಲಿರಬೇಕು. ಆವತ್ತಿನಿಂದ ಐದೂವರೆಯಿಂದ ಆರರವರೆಗೆ ಆ ಚಿಲಕ ಹೆಂಗಸರದ್ದಾಯಿತು. ಡಾಕ್ಟರ ಮುಲಾಮು, ಬೋಗುಣಿಯಲ್ಲಿ ಬಿಸಿನೀರು ಹಾಕಿ ಕೂರುವುದು, ಇವುಗಳ ಜೊತೆ ಆ ಅರ್ಧ ಗಂಟೆ. ಮೂರು ತಿಂಗಳಲ್ಲಿ ನನ್ನ ಗಾಯ ಮಾಯಿತು. ಅತ್ತೆಯ ಸೀಸೆಯಲ್ಲಿದ್ದ ಹರಳೆಣ್ಣೆ ಮುಗಿಯದೆ ಕಮಟು ಹಿಡಿಯಿತು.

ಈಗ ಚೂರ್ಣದವರ ಮಾತಿಗೆ ಬರೋಣ. ಅವರು ಮಾತೆತ್ತಿದರೆ ಋಷಿಗಳ ಹೆಸರು ಹೇಳುತ್ತಾರೆ. ಒಳ್ಳೆಯದು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ 7ನೇ ಅಧ್ಯಾಯವೊಂದಿದೆ. ಅದರ ಹೆಸರೇ 'ನ ವೇಗಾನ್ ಧಾರಣೀಯ'. ದೇಹದ ವೇಗಗಳನ್ನು, ಅಂದರೆ ಒಳಗಿನಿಂದ ಬರುವ ಒತ್ತಡಗಳನ್ನು, ತಡೆಯಬಾರದು ಎಂದು. ಮಲ, ಮೂತ್ರ, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು ಎಲ್ಲ ಸೇರಿ ಇಂಥ 13 ವೇಗಗಳನ್ನು ಅದು ಪಟ್ಟಿ ಮಾಡುತ್ತದೆ. ತಡೆದರೆ ಯಾವ ಯಾವ ರೋಗ ಬರುತ್ತದೆ ಎಂದೂ ಹೇಳುತ್ತದೆ. ಗೆಳತಿಯರೇ, ಆ ಪಟ್ಟಿಯನ್ನು ಇನ್ನೊಮ್ಮೆ ಓದಿ. ಒಳ್ಳೆಯ ಸೊಸೆ ಎನ್ನಿಸಿಕೊಳ್ಳಲು ನಾವು ಏನೇನು ತಡೆದುಕೊಂಡೆವೋ ಅದೆಲ್ಲ ಅಲ್ಲಿದೆ. ಚರಕನ ಹೆಸರಿನಲ್ಲಿ ಡಬ್ಬಿ ಮಾರುವ ಯಾವ ಜಾಹೀರಾತಾದರೂ ಈ ಅಧ್ಯಾಯವನ್ನು ಓದಿ ಹೇಳಿದ್ದುಂಟೆ? ಹೇಗೆ ಹೇಳುತ್ತದೆ? ಅದರಲ್ಲಿರುವ ಚಿಕಿತ್ಸೆಗೆ ಕಾಸು ಬೀಳುವುದಿಲ್ಲವಲ್ಲ.

'ನೈಸರ್ಗಿಕ' ಎಂಬ ಮಾತಿಗೂ ನಾವು ಬೇಗ ಮರುಳಾಗುತ್ತೇವೆ. ಎಷ್ಟೋ ಚೂರ್ಣಗಳ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸೋನಾಮುಖಿಯ ಹೆಸರಿರುತ್ತದೆ. ಗಿಡದ ಎಲೆಯೇ ನಿಜ. ಆದರೆ ಅದು ಕರುಳನ್ನು ಕೆರಳಿಸಿ ಓಡಿಸುವ ಔಷಧ. ಅಪರೂಪಕ್ಕೆ ಆದೀತು, ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗುವ ವಸ್ತುವಲ್ಲ. ಹರಳೆಣ್ಣೆಯೂ ಹಾಗೆಯೇ, ಬಸುರಿಯರಂತೂ ಅದನ್ನು ಮುಟ್ಟಬಾರದು. ಇವೆಲ್ಲಕ್ಕಿಂತ ಇಸಬ್‌ಗೋಲ್ ಸಾಧು. ಅದು ನಾರು, ನೀರು ಹೀರಿ ಉಬ್ಬಿ ಮಲವನ್ನು ಮೆತ್ತಗೆ ಮಾಡುತ್ತದೆ. ಆದರೆ ಒಂದು ದೊಡ್ಡ ಲೋಟ ತುಂಬ ನೀರಿನ ಜೊತೆಗೇ ಕುಡಿಯಬೇಕು. ಗಂಟಲು ತೇವವಾಗುವಷ್ಟು ನೀರಿನಲ್ಲಿ ನುಂಗಿದರೆ ಅದೇ ಒಳಗೆ ಕಟ್ಟಿಕೊಳ್ಳಬಹುದು. ದಿನವಿಡೀ ಬಾಯಾರಿಕೆ ತಡೆದುಕೊಂಡಿದ್ದು ರಾತ್ರಿ ಇಸಬ್‌ಗೋಲ್ ತೆಗೆದುಕೊಂಡರೆ ಏನು ಬಂತು?

ಊಟದ ಮಾತಿಗೆ ಬಂದರೆ ಇನ್ನೊಂದು ಅನ್ಯಾಯ. "ನಾರು ತಿನ್ನಿ, ಸೊಪ್ಪು ತಿನ್ನಿ" ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಸೂಚಿಯಲ್ಲಿ ಒಬ್ಬರಿಗೆ ದಿನಕ್ಕೆ ತರಕಾರಿ ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ ಎಂದಿದೆ. ನಮ್ಮ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಕೂರುವವಳ ತಟ್ಟೆ ನೋಡಿದ್ದೀರಾ? ಹುರುಳಿಕಾಯಿ ಪಲ್ಯದ ಬಾಣಲಿಯಲ್ಲಿ ಒಗ್ಗರಣೆಯ ಸಾಸಿವೆ ಮಾತ್ರ ಉಳಿದಿರುತ್ತದೆ. ಕೋಸಂಬರಿ ಮಕ್ಕಳಿಗೆ ಸರಿಹೋಯಿತು. ಅವಳಿಗೆ ಉಳಿದದ್ದು ಅನ್ನ, ತಳದ ಸಾರು, ಮಜ್ಜಿಗೆ. ಹಣ್ಣು ಹೆಚ್ಚಿ ಎಲ್ಲರಿಗೂ ಹಂಚುವವಳು ತಾನು ತಿನ್ನುವುದು ಮಾವಿನ ಓಟೆಗೆ ಅಂಟಿದ್ದನ್ನು.

ರಾಗಿಗುಡ್ಡದ ಬುಡದಲ್ಲಿ ವಾಸವಾಗಿದ್ದೆ ಎಂದೆನಲ್ಲ. ಅತ್ತೆ ಸೊಸೆಯರ ನಡುವಿನ ಜಗಳದಲ್ಲಿ ರಾಗಿಯ ರಾಶಿಯೇ ಕಲ್ಲಾಗಿ ಆ ಗುಡ್ಡವಾಯಿತೆಂದು ಐತಿಹ್ಯ. ಈಗ ಅದರ ಹೆಸರಿನಲ್ಲಿ ಮೆಟ್ರೋ ನಿಲ್ದಾಣವೂ ಆಗಿದೆ. ಆದರೆ ಗುಡ್ಡದ ಸುತ್ತಲಿನ ನಮ್ಮ ಅಡುಗೆಮನೆಗಳಿಂದ ರಾಗಿ ಎಂದೋ ಹೊರಟುಹೋಗಿತ್ತು. ಅದು ಬಡವರ ಊಟ ಎಂದು ಬಿಟ್ಟು ಬಿಳಿ ಅನ್ನಕ್ಕೆ ಅಂಟಿಕೊಂಡೆವು. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಇಂಥ ವ್ಯತ್ಯಾಸದ ಪರಿಣಾಮವನ್ನು ಲೋಕಕ್ಕೆಲ್ಲ ಸಾರಿದವರು ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯರು. ಉಗಾಂಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಅವರು ತಮ್ಮ ಜೊತೆಗಾರರೊಡನೆ 1972ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ನಾರು ತುಂಬಿದ ಊಟ ಮಾಡುವ ಅಲ್ಲಿನ ಹಳ್ಳಿಗರಲ್ಲಿ ತಿಂದದ್ದು ಹೊರಬರಲು ಸುಮಾರು ಒಂದೂವರೆ ದಿನ. ಬ್ರೆಡ್ಡು ತಿನ್ನುವ ಇಂಗ್ಲೆಂಡಿನವರಲ್ಲಿ ಮೂರು ದಿನಕ್ಕೂ ಹೆಚ್ಚು. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಅವರೆಕಾಳು ತಿಂದು ಬೆಳೆದ ನಾಡು ನಮ್ಮದು. ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳಿಗೂ ಈ ನಾರೇ ಆಹಾರ. ದುಬಾರಿ ಪುಡಿಯಲ್ಲಿ ಇದನ್ನೇ ತುಂಬಿ ನಮಗೆ ಮಾರುತ್ತಿದ್ದಾರೆ.

"ಹಿಂದಿನ ಕಾಲದ ಹೆಂಗಸರಿಗೆ ಇದೆಲ್ಲ ಇರಲಿಲ್ಲ" ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಮ್ಮಜ್ಜಿ ಊರಿನಲ್ಲಿ ಕತ್ತಲಿರುವಾಗಲೇ ಚೊಂಬು ಹಿಡಿದು ಬೇಲಿಯ ಕಡೆ ಹೋಗಬೇಕಿತ್ತು. ಬೆಳಕು ಹರಿದರೆ ಮತ್ತೆ ಕತ್ತಲಾಗುವವರೆಗೂ ತಡೆಯಬೇಕಿತ್ತು. "ಹೆಣ್ಣಿನ ದೇಹವೇ ಹಾಗೆ" ಎನ್ನುವವರೂ ಇದ್ದಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಮುಟ್ಟಿನ ಮೊದಲಿನ ದಿನಗಳಲ್ಲಿ, ಬಸುರಿನಲ್ಲಿ, ಹಾರ್ಮೋನಿನಿಂದ ಕರುಳು ನಿಧಾನವಾಗುತ್ತದೆ. ಮಲಬದ್ಧತೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು ಎನ್ನುವುದನ್ನು ವೈದ್ಯರೆಲ್ಲ ಬಲ್ಲರು. ಹಾಗಿದ್ದ ಮೇಲೆ ಅವಳಿಗೇ ಹೆಚ್ಚು ಹೊತ್ತು, ಹೆಚ್ಚು ನೀರು, ಹೆಚ್ಚು ಪಲ್ಯ ಸಿಗಬೇಕಲ್ಲವೆ? ನಿಧಾನದ ದೇಹಕ್ಕೆ ಎಲ್ಲರಿಗಿಂತ ಕಡಿಮೆ ಕೊಡುವುದು ಯಾವ ನ್ಯಾಯ?

ಮನೆಯ ಹೊರಗೆ ಬನ್ನಿ. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅದೇ ವರ್ಷದ ಕಾರ್ಖಾನೆ ಕಾಯ್ದೆ ಹೆಂಗಸರಿಗೆ ಪ್ರತ್ಯೇಕ ಕಕ್ಕಸು ಇರಬೇಕೆಂದು ವಿಧಿಸಿತ್ತು. ಮುಕ್ಕಾಲು ಶತಮಾನವೇ ಕಳೆಯಿತು. ಬಿಟಿಎಂ ಲೇಔಟಿನಿಂದಾಚೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಟಾಯ್ಲೆಟ್ಟು ಇದೆ, ಎದ್ದು ಹೋಗಲು ಧೈರ್ಯವಿಲ್ಲ; ಪೀಸಿನ ಲೆಕ್ಕ ತಪ್ಪುತ್ತದೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟಿಲ್ಲ. ಸಂತೋಷ. ಆದರೆ ಬಸ್ಸಿಳಿದ ಕಡೆ ನಿರ್ಭಯವಾಗಿ ಹೋಗಬಹುದಾದ ಒಂದು ಚೊಕ್ಕಟ ಜಾಗ ಇರುತ್ತದೆಂಬ ನಂಬಿಕೆ ಎಷ್ಟು ಜನಕ್ಕಿದೆ? ನಾಲ್ಕನೇ ಬ್ಲಾಕಿಗೆ ಸೀರೆ ಕೊಳ್ಳಲು ಹೊರಟರೆ ಬೆಳಗಿನಿಂದಲೇ ನೀರು ಬಿಡುವ ನನ್ನ ಗೆಳತಿಯರು ಇನ್ನೂ ಇದ್ದಾರೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ ಟ್ಯಾಂಕರಿಗೆ ಕಾದು ಕೂತಾಗಲೂ, ಬಕೆಟ್ ನೀರು ಉಳಿಸಲೆಂದು ತಮ್ಮ ಹೊಟ್ಟೆಯನ್ನು ಮೊದಲು ತಡೆದವರು ಹೆಂಗಸರೇ.

ಇಷ್ಟು ಹೊತ್ತು ಗಂಡಸರನ್ನೂ ಅಂಗಡಿಯವರನ್ನೂ ಬೈದದ್ದಾಯಿತು. ಈಗ ನಮ್ಮನ್ನೇ ಕೇಳಿಕೊಳ್ಳೋಣ. ನಿಮ್ಮ ಮನೆಗೆ ಬರುವ ಕೆಲಸದಾಕೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು ನಾಲ್ಕು ಮನೆ ಮುಗಿಸಿ ಹೋಗುವಾಗ ಮಧ್ಯಾಹ್ನ ಒಂದು ಗಂಟೆ. ನಾಲ್ಕೂ ಮನೆಯ ಬಚ್ಚಲು ಕಕ್ಕಸು ತೊಳೆಯುವವಳು ಅವಳೇ. ಅವುಗಳಲ್ಲಿ ಒಂದನ್ನಾದರೂ ಬಳಸಲು ಅವಳಿಗೆ ಅನುಮತಿಯಿದೆಯೇ? ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ ಮಗಳ ಮನೆಯಲ್ಲಿದ್ದಾಗ ಅಲ್ಲಿನ ಹೆಣ್ಣುಮಗಳನ್ನು ನಾನು ಈ ಪ್ರಶ್ನೆ ಕೇಳಿದೆ. ಅವಳು ನಕ್ಕು, "ಬೆಳಿಗ್ಗೆಯಿಂದ ಏನೂ ಕುಡಿಯಲ್ಲ ಅಕ್ಕ" ಎಂದಳು. ಮುವ್ವತ್ತು ವರ್ಷದ ಹಿಂದಿನ ನನ್ನ ಜಾಣತನವೇ ಅವಳ ಬಾಯಲ್ಲಿ! ನಾಚಿಕೆಯಾಯಿತು. ಏಕೆಂದರೆ ನನ್ನ ಮನೆಯಲ್ಲೂ ನಾನು ಯಾರಿಗೂ "ಬೇಕಾದರೆ ಹೋಗಮ್ಮ" ಎಂದು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಿದ್ದೇನೆ. ನೀವೂ ಹೇಳಿ.

ಇನ್ನು ಮಾಡಬೇಕಾದದ್ದು ಇಷ್ಟೇ. ಎದ್ದ ಕೂಡಲೇ ಒಂದೆರಡು ಲೋಟ ನೀರು, ಆಮೇಲೆ ಬೇಕಿದ್ದರೆ ಕಾಫಿ. ಕರೆ ಬಂದಾಗ ಒಲೆಯ ಮೇಲೆ ಏನೇ ಇರಲಿ, ಆರಿಸಿ ಹೋಗಿ. ಮೊಬೈಲು ಒಳಗೆ ಬೇಡ, ತಿಣುಕುವುದೂ ಬೇಡ. ಕಮೋಡಿನಲ್ಲಿ ಕೂರುವವರು ಕಾಲ ಕೆಳಗೆ ಗೇಣೆತ್ತರದ ಸ್ಟೂಲು ಇಟ್ಟುಕೊಳ್ಳಿ. ಕುಕ್ಕರಗಾಲಿನಲ್ಲಿ ಕೂತಂತೆ ದಾರಿ ನೇರವಾಗುತ್ತದೆ. ಪಲ್ಯದಲ್ಲಿ ನಿಮ್ಮ ಪಾಲನ್ನು ಬಡಿಸುವ ಮೊದಲೇ ಎತ್ತಿಡಿ. ದಿನಕ್ಕೊಂದು ಸೀಬೆ ಅಥವಾ ಎರಡು ಹೋಳು ಪರಂಗಿ ನಿಮಗಾಗಿಯೇ ಇರಲಿ. ನಾರನ್ನು ಒಮ್ಮೆಗೇ ಹೆಚ್ಚಿಸಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಸಂಜೆ ಅರ್ಧ ಗಂಟೆ ನಡೆಯಿರಿ. ದಿನವೂ ಆಗಲೇಬೇಕೆಂಬ ಹೆದರಿಕೆಯೂ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ, ನೋವಿಲ್ಲದೆ ಸಲೀಸಾಗಿ ಆಗುತ್ತಿದ್ದರೆ ಅದು ಸಹಜವೇ.

ಇಷ್ಟಾದರೂ ಸರಿಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಕಡಿಮೆಯಾದರೂ ಹೊಟ್ಟೆ ಕಟ್ಟುತ್ತದೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಂದ, ಕೆಲವು ನೋವಿನ ಮಾತ್ರೆಗಳಿಂದಲೂ ಕಟ್ಟುತ್ತದೆ. ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ವಯಸ್ಸಾದ ಮೇಲೆ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾದರೆ ತಡಮಾಡಬೇಡಿ. ಹೊಟ್ಟೆನೋವು, ವಾಂತಿಯ ಜೊತೆ ಗಾಳಿಯೂ ಹೋಗದಿದ್ದರೆ ಅಂದೇ ಆಸ್ಪತ್ರೆಗೆ ಹೊರಡಿ. "ಮೂಲವ್ಯಾಧಿ ಇರಬೇಕು" ಎಂದು ನೀವೇ ತೀರ್ಮಾನಿಸಿ ಚೂರ್ಣದ ಹಿಂದೆ ಅಡಗಿಸಿಡುವ ವಿಷಯಗಳಲ್ಲ ಇವು.

ಮುಂದಿನ ಶ್ರಾವಣಕ್ಕೆ ಅರಿಶಿನ ಕುಂಕುಮ ನಮ್ಮ ಮನೆಯಲ್ಲಿ. ಆ ಹನ್ನೊಂದು ಜನರನ್ನೂ ಕರೆಯುತ್ತೇನೆ. ಬಂದವರಿಗೆ ಮೊದಲು ದೊಡ್ಡ ಲೋಟದಲ್ಲಿ ನೀರು ಕೊಡುತ್ತೇನೆ, ಬಚ್ಚಲು ಯಾವ ಕಡೆ ಎಂದು ತೋರಿಸುತ್ತೇನೆ. ಒಬ್ಬಟ್ಟು ಆಮೇಲೆ. ಅಷ್ಟರೊಳಗೆ ಅವರಲ್ಲಿ ಒಬ್ಬರಾದರೂ ತಮ್ಮ ಮನೆಯಲ್ಲಿ ಬೆಳಿಗ್ಗೆ ಬಾಗಿಲು ಬಡಿದವರಿಗೆ "ಆಮೇಲೆ ಬನ್ನಿ" ಎಂದಿದ್ದರೆ ನಾನು ಇಷ್ಟು ಬರೆದದ್ದು ಸಾರ್ಥಕ.